ಕ್ಯಾರಿಯರ್ ಮೇಲಿನ ಭಾರ

ದೆವ್ವ, ಪೀಡೆ, ಗಾಳಿ ಸೋಕುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡ ಮೇಲೆಯೇ ಒಲೆ ಹಚ್ಚುವ ಮನೆಯಲ್ಲಿ ಬೆಳೆದೆ. ಶಿವ ಇದ್ದಾನೆ ಎಂದ ಮೇಲೆ ಇನ್ಯಾವುದಕ್ಕೋ ಹೆದರುವುದು ಅವನಿಗೆ ಮಾಡುವ ಅವಮಾನ ಎಂದು ನಮ್ಮ ತಂದೆ ಹೇಳುತ್ತಿದ್ದರು. ಅಕ್ಕಪಕ್ಕದ ಹೆಂಗಸರು ಅಮಾವಾಸ್ಯೆಯ ದಿನ ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ಎಸೆದು ಬಂದರೆ ಮನಸ್ಸಿನಲ್ಲೇ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೆ ಏನಾದರೂ ಹೊಳೆದರೆ ನೀವೇ ಪುಣ್ಯವಂತರು.

ನಮ್ಮದು ಇಟ್ಟಮಡುವಿನಲ್ಲಿ ಬಾಡಿಗೆ ಮನೆ, ನೆಲಮಹಡಿ. ನಮ್ಮ ಮನೆಯವರು ಯಂತ್ರಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಮೊದಲು ಅದು ಹತ್ತಿರದಲ್ಲೇ ಇತ್ತು, ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತಿದ್ದರು. ಆಮೇಲೆ ಕಾರ್ಖಾನೆ ಎಲೆಕ್ಟ್ರಾನಿಕ್ ಸಿಟಿಯ ಆಚೆಗೆ ಹೋಯಿತು. ಅದೇ ವರ್ಷ ಇವರಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಹಳೆಯ ಸ್ಕೂಟರೂ ಕೈಕೊಟ್ಟಿತು. ದಿನಾ ವಾಕಿಂಗ್ ಮಾಡಿ ಎಂದರು ಡಾಕ್ಟರು. "ವಾಕಿಂಗ್‌ಗೆ ಟೈಮ್ ಎಲ್ಲಿದೆ? ಸೈಕಲ್ಲಲ್ಲೇ ಡ್ಯೂಟಿಗೆ ಹೋಗ್ತೀನಿ, ಎರಡೂ ಕೆಲಸ ಆಗೋಗುತ್ತೆ" ಎಂದು ಇವರು ಗೇರ್ ಇಲ್ಲದ, ಹಿಂದೆ ಕ್ಯಾರಿಯರ್ ಇರುವ ಹಳೇ ಮಾದರಿಯ ಸೈಕಲ್ ತಂದು ನಿಲ್ಲಿಸಿದರು. ಹೋಗಲು ಇಪ್ಪತ್ತು ಕಿಲೋಮೀಟರ್, ಬರಲು ಇಪ್ಪತ್ತು. ವಯಸ್ಸು ಐವತ್ತರ ಹತ್ತಿರ. ನಾನು ಕಣ್ಣೀರು ಹಾಕಿದೆ, ಕೂಗಾಡಿದೆ, ಮಾತು ಬಿಟ್ಟೆ. ಅವರು ಹಠ ಬಿಡಲಿಲ್ಲ.

ಈ ಊರಿಗೆ ಸೈಕಲ್ ತುಳಿಯುವವನನ್ನು ಕಂಡರೆ ಆಗುವುದಿಲ್ಲ. ಇದು ನನಗೆ ಇವರ ಬಟ್ಟೆ ಒಗೆಯುವಾಗ ಗೊತ್ತಾದ ವಿಷಯ. ಒಂದು ದಿನ ಪ್ಯಾಂಟಿನ ಮೊಣಕಾಲು ಹರಿದಿರುತ್ತಿತ್ತು. ಬಸ್ಸು ಎಡಕ್ಕೆ ಒತ್ತಿ ಮೋರಿಗೆ ಇಳಿಸಿತಂತೆ. ಇನ್ನೊಂದು ದಿನ ಶರ್ಟಿನ ತೋಳಿನ ಮೇಲೆ ಗುಟ್ಕಾ ಕಲೆ; ಕಾರಿನ ಕಿಟಕಿಯಿಂದ ಉಗಿದವನು ತಿರುಗಿಯೂ ನೋಡಲಿಲ್ಲವಂತೆ. "ಅಂಕಲ್, ಪಾರ್ಕಲ್ಲಿ ಓಡ್ಸ್ಕೊಳ್ಳಿ ಹೋಗಿ" ಎಂದು ಬೈಕಿನ ಹುಡುಗರು ಬೆನ್ನಿಗೆ ಗುದ್ದಿ ಓಡುತ್ತಿದ್ದರು. ಎಲ್ಲ ದಾಟಿ ನಮ್ಮ ರಸ್ತೆಗೆ ಬಂದರೆ ಮೂಲೆಯಲ್ಲಿ ಮೂರು ಬೀದಿನಾಯಿಗಳು. ಕಾರು ಬಿಡುತ್ತವೆ, ಬೈಕು ಬಿಡುತ್ತವೆ, ಇವರ ಸೈಕಲ್ ಕಂಡರೆ ಮಾತ್ರ ಹಲ್ಲು ಕಿರಿದುಕೊಂಡು ಗೇಟಿನವರೆಗೂ ಅಟ್ಟಿಸಿಕೊಂಡು ಬರುತ್ತಿದ್ದವು.

ಮನೆಯಲ್ಲಾದರೂ ನೆಮ್ಮದಿಯೇ? ಮೇಲಿನ ಮನೆಯಲ್ಲಿ ನಮ್ಮ ಓನರ್ ನಂಜಪ್ಪನವರು. ಇಲ್ಲಿನ ಹಳಬರು, ತಾವು ರಾಗಿ ಬೆಳೆದ ಜಮೀನಿನಲ್ಲೇ ಈಗ ಬಾಡಿಗೆ ಮನೆ ಎಬ್ಬಿಸಿದ್ದಾರೆ. ಸೈಕಲ್ ಬಂದ ದಿನವೇ ಬಾಲ್ಕನಿಯಿಂದ, "ಏನ್ ಸಾರ್, ಪ್ರಮೋಷನ್ ಆಯ್ತಾ? ಸ್ಕೂಟರಿಂದ ಸೈಕಲ್‌ಗೆ?" ಎಂದು ನಕ್ಕಿದ್ದರು. ಆಮೇಲೆ ಪ್ಯಾಸೇಜಿನ ಟೈಲ್ಸ್ ಗಲೀಜಾಗುತ್ತದೆ ಎಂದು ದಿನಾ ಗೊಣಗಾಟ.

ನಾನು ದಿನಾ ಸಂಜೆ ದೀಪ ಹಚ್ಚಿ ಶಿವನ ಮುಂದೆ ಲೆಕ್ಕ ಒಪ್ಪಿಸುತ್ತಿದ್ದೆ. ಇವತ್ತು ಬಸ್ಸು ತಗುಲಲಿಲ್ಲ, ನಿನ್ನ ದಯೆ. ಇವತ್ತು ಮಳೆ ಅವರು ಬಂದ ಮೇಲೆ ಶುರುವಾಯಿತು, ನಿನ್ನ ದಯೆ. ದಿನಾ ಗಂಡನನ್ನು ರಸ್ತೆಗೆ ಕಳಿಸುವವಳಿಗೆ ಇವೆಲ್ಲ ಸಣ್ಣವಲ್ಲ. ಅದಕ್ಕೇ ನಮ್ಮ ಬಾಗಿಲಿಗೆ ಬಂದವರು ಯಾರೇ ಇರಲಿ, ಕರೆಂಟಿನ ಮೀಟರ್ ನೋಡುವವರಾಗಲಿ ಕೊರಿಯರ್‌ನವರಾಗಲಿ, ಒಂದು ಚೊಂಬು ನೀರು ಕುಡಿಸದೆ ನಾನು ಕಳಿಸುತ್ತಿರಲಿಲ್ಲ. ಎಲ್ಲೋ ದಾರಿಯಲ್ಲಿ ಇವರಿಗೂ ಯಾರಾದರೂ ಕೊಡಲಿ ಎಂಬ ಆಸೆ.

ಅದು ಆಷಾಢ. ಸಂಜೆ ಗಾಳಿ ಜೋರಾಗಿತ್ತು. ದೀಪ ಹಚ್ಚಿಯಾಗಿತ್ತು, ಇವರು ಬಂದಿರಲಿಲ್ಲ. ಸೈಕಲ್ ಮೇಲಿದ್ದಾಗ ಫೋನ್ ಎತ್ತುವುದಿಲ್ಲ, ಗೊತ್ತು. ಆದರೂ ಮಾಡಿದೆ, ಎತ್ತಲಿಲ್ಲ. ಗೇಟಿನ ಹತ್ತಿರ ನಿಂತು ಮೂಲೆಯನ್ನೇ ನೋಡುತ್ತಿದ್ದೆ. ಕಡೆಗೆ ಬಂದರು. ಸೀಟಿನಿಂದ ಎದ್ದು ನಿಂತು, ಒಂದೊಂದು ತುಳಿತಕ್ಕೂ ಮೈಯೆಲ್ಲ ಹಾಕಿ ತುಳಿಯುತ್ತಿದ್ದರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಾಯಿಗಳು. ಬೊಗಳಲಿಲ್ಲ. ಮೂರೂ ಎದ್ದವು. ಸೈಕಲ್ಲಿನಿಂದ ಸ್ವಲ್ಪ ದೂರ ಬಿಟ್ಟು, ಬೆನ್ನಿನ ಕೂದಲು ನಿಮಿರಿಸಿಕೊಂಡು, ಸದ್ದಿಲ್ಲದೆ ಹಿಂದೆಯೇ ನಡೆದುಕೊಂಡು ಬಂದವು.

ಇವರು ಇಳಿದು, "ಒಂಚೂರು ಹಿಂದಿಂದ ತಳ್ಳೇ, ನನ್ ಕೈಲಾಗ್ತಿಲ್ಲ" ಎಂದರು. ನಮ್ಮ ಗೇಟಿನ ಹತ್ತಿರ ಒಂದು ಸಣ್ಣ ಏರು ಇದೆ. ದಿನಾ ಒಂದೇ ಕೈಯಲ್ಲಿ ಹತ್ತಿಸುತ್ತಿದ್ದ ಸೈಕಲ್ ಅದು. ನಾನು ಕ್ಯಾರಿಯರ್ ಹಿಡಿದು ತಳ್ಳಿದೆ, ಅಲುಗಲಿಲ್ಲ. ತುಂಬಿದ ಗ್ಯಾಸ್ ಸಿಲಿಂಡರ್ ಕಟ್ಟಿದ ಹಾಗಿತ್ತು.

"ಬ್ರೇಕ್ ಹಿಡ್ಕೊಂಡಿದೆ ಕಣ್ರೀ."

"ನೋಡ್ದೆ. ಇಲ್ಲ. ಪಂಕ್ಚರೂ ಅಲ್ಲ, ಗಾಳಿ ಕಲ್ಲಿನ ಹಾಗಿದೆ."

ಬಗ್ಗಿ ನೋಡಿದೆ. ಮುಂದಿನ ಟೈರು ಗುಂಡಗೆ ನಿಂತಿತ್ತು. ಹಿಂದಿನ ಟೈರು ನೆಲಕ್ಕೆ ತಾಗುವ ಜಾಗದಲ್ಲಿ ಚಪ್ಪಟೆಯಾಗಿ, ಎರಡು ಕಡೆಗೂ ಉಬ್ಬಿತ್ತು. ಯಾರಾದರೂ ಡಬಲ್ಸ್ ಕೂತಾಗ ಉಬ್ಬುತ್ತದಲ್ಲ, ಹಾಗೆ. ಕ್ಯಾರಿಯರ್ ಮೇಲೆ ಏನೂ ಇರಲಿಲ್ಲ. ಬೆಳಿಗ್ಗೆ ನಾನೇ ಅಲ್ಲಿಗೆ ಸಿಕ್ಕಿಸಿ ಕಳಿಸಿದ್ದ ಊಟದ ಚೀಲ ಹ್ಯಾಂಡಲ್ಲಿಗೆ ನೇತಾಡುತ್ತಿತ್ತು.

"ಚೀಲ ಯಾಕ್ರೀ ಮುಂದಕ್ಕೆ ಹಾಕಿದ್ದೀರಾ?"

ಇವರು ಚೀಲವನ್ನು ಆಗಲೇ ಮೊದಲ ಸಲ ನೋಡಿದವರ ಹಾಗೆ ನೋಡಿದರು. ಆಮೇಲೆ ತಡೆದು ತಡೆದು ಹೇಳಿದರು. "ಬಿಟಿಎಂ ಹತ್ರ ಸರ್ವಿಸ್ ರೋಡಲ್ಲಿ ಸಿಗ್ನಲ್‌ಗೆ ನಿಂತಿದ್ದೆ. ಹಿಂದಿಂದ ಯಾರೋ, 'ಅಣ್ಣ, ಆ ಕಡೆಗಾ? ಒಂಚೂರು ಬಿಡ್ತೀರಾ?' ಅಂದ್ರು. ಸ್ಕೂಟರ್ ಇದ್ದಾಗಿನ ಅಭ್ಯಾಸ ನೋಡು, 'ಬನ್ನಿ ಬನ್ನಿ' ಅಂದ್ಬಿಟ್ಟೆ. ಆಮೇಲೆ ಜ್ಞಾಪಕ ಬಂತು, ನಂದು ಸೈಕಲ್ ಅಂತ. ತಿರುಗಿ ನೋಡಿದ್ರೆ ಯಾರೂ ಇಲ್ಲ. ಅಲ್ಲಿಂದ ಹಿಂಗೇ ಭಾರ."

ಆ ಅಭ್ಯಾಸದ ಮಾತು ನಿಜ. ಸ್ಕೂಟರ್ ಇದ್ದಷ್ಟು ದಿನ ಇವರು ಕೈ ಅಡ್ಡ ಹಿಡಿದವರಿಗೆಲ್ಲ ಲಿಫ್ಟ್ ಕೊಟ್ಟವರು. ನಾನು ಅದಕ್ಕೂ ಬೈದಿದ್ದೇನೆ.

"ಆದ್ರೆ ಒಂದು ಆಶ್ಚರ್ಯ ಕಣೇ" ಎಂದರು ಇವರು, ಬೆವರು ಒರೆಸಿಕೊಳ್ಳುತ್ತ. "ಇವತ್ತು ದಾರೀಲಿ ಒಬ್ಬನೂ ಹಾರನ್ ಹೊಡೀಲಿಲ್ಲ. ಬಸ್ಸುಗಳೂ ಅಷ್ಟು ದೂರದಿಂದ್ಲೇ ಸುತ್ತಿ ಹೋದ್ವು."

ನನ್ನ ಕಿವಿಗೆ ಅದು ಹೋಗಲಿಲ್ಲ. ನಾಯಿಗಳು ಗೇಟಿನ ಹೊರಗೆ ಸಾಲಾಗಿ ನಿಂತಿದ್ದವು. ಮೂರರ ಕಣ್ಣೂ ಇವರ ಮೇಲಿರಲಿಲ್ಲ, ನನ್ನ ಮೇಲೂ ಇರಲಿಲ್ಲ. ಖಾಲಿ ಕ್ಯಾರಿಯರಿಗಿಂತ ಸ್ವಲ್ಪ ಮೇಲೆ, ಕೂತವರ ಮುಖ ಇರುವಷ್ಟು ಎತ್ತರದಲ್ಲಿ ನೆಟ್ಟಿದ್ದವು. ಬಾಲ್ಕನಿಯಿಂದ ನಂಜಪ್ಪನವರು, "ಏನ್ರೀ ಇದು, ನಾಯಿಗಳನ್ನೂ ಬಾಡಿಗೆಗೆ ಕರ್ಕೊಂಡು ಬಂದ್ರಾ?" ಎಂದು ಕೂಗಿದರು. ಹೆದರಿಕೆ ಆಯಿತು ಎಂದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಕೋಪ. ರಸ್ತೆಯವರೆಲ್ಲ ಸೇರಿ ಕಾಡುವುದು ಸಾಲದು ಅಂತ ಇದೊಂದು ಬೇರೆ ನನ್ನ ಗಂಡನ ಬೆನ್ನು ಹತ್ತಿ, ದೀಪ ಹಚ್ಚಿದ ಹೊತ್ತಿನಲ್ಲಿ ಮನೆಯ ಗೇಟಿನವರೆಗೂ ಬಂತೇ ಎಂದು ಮೈ ಉರಿಯಿತು.

ಒಳಗೆ ಹೋಗಿ ವಿಭೂತಿ ತಂದೆ. ಹ್ಯಾಂಡಲ್ಲಿಗೆ ಬಳಿದೆ, ಸೀಟಿಗೆ ಬಳಿದೆ. ಕ್ಯಾರಿಯರಿಗೆ ಕೈ ಹೋಗಲಿಲ್ಲ. ದೂರದಲ್ಲೇ ನಿಂತು, ಸೀಟು ಬಿಡದ ಪ್ರಯಾಣಿಕನಿಗೆ ಕಂಡಕ್ಟರ್ ಹೇಳುವ ಹಾಗೆ ಹೇಳಿದೆ:

"ನೋಡಪ್ಪ, ನೀನು ಯಾರೋ ನಂಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಅವರೇನೋ ಬಾಯಿ ತಪ್ಪಿ ಬಾ ಅಂದಿದ್ದಾರೆ. ಇಲ್ಲಿಗೆ ಮುಗೀತು. ಇದು ಸಂಸಾರಸ್ಥರ ಮನೆ, ನಿಂಗೆ ಜಾಗ ಇಲ್ಲ. ಶಿವನಾಣೆ, ಇಳಿ ಕೆಳಗೆ. ಇಳಿ!"

"ಏನಕ್ಕ, ಯಾರಿಗೆ ಬೈತಿದ್ದೀರಾ?"

ಬೆಚ್ಚಿಬಿದ್ದೆ. ಮೇಲಿನ ಮನೆಗೆ ಪಾರ್ಸೆಲ್ ಕೊಟ್ಟು ಮೆಟ್ಟಿಲಿಳಿದು ಬಂದ ಡೆಲಿವರಿಯವರು. ಹುಡುಗರಲ್ಲ, ತಲೆ ನೆರೆತ ಮನುಷ್ಯ, ಇವರಷ್ಟೇ ವಯಸ್ಸು. ಬಾಡಿಗೆಯ ಬ್ಯಾಟರಿ ಸೈಕಲ್ಲನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. "ನಿಮಗಲ್ಲ, ನಿಮಗಲ್ಲ" ಎಂದೆ. ಅವರು ನಗುತ್ತ ಹೋಗಿ ತಮ್ಮ ಗಾಡಿ ಹತ್ತಿದರು.

ಆಗ ನಮ್ಮ ಸೈಕಲ್ಲಿನ ಹಿಂದಿನ ಟೈರು ಮೆಲ್ಲಗೆ ಗುಂಡಗಾಯಿತು. ನಾನು ಅದನ್ನೇ ನೋಡುತ್ತಿದ್ದೆ, ಕಣ್ಣು ತಪ್ಪಿದ್ದಲ್ಲ. ಕ್ಯಾರಿಯರಿನ ಸ್ಪ್ರಿಂಗು ಟಿಣ್ ಎಂದಿತು. ಇವರು ಹ್ಯಾಂಡಲ್ ಹಿಡಿದು ಎಳೆಯುತ್ತಲೇ ಇದ್ದರು. ಭಾರ ಹೋದ ರಭಸಕ್ಕೆ ಹಿಂದಕ್ಕೆ ಜೋಲಿ ಹೊಡೆದು ಗೋಡೆಗೆ ಒರಗಿದರು. ನಾನು ನಾಯಿಗಳ ಕಡೆ ನೋಡಿದೆ. ಮೂರೂ ನಿಂತಲ್ಲೇ ಕತ್ತು ತಿರುಗಿಸುತ್ತಿದ್ದವು, ಯಾರೋ ನಡೆದು ಹೋಗುವುದನ್ನು ನೋಡುವ ಹಾಗೆ. ನಮ್ಮ ಗೇಟಿನಿಂದ ರಸ್ತೆಗೆ, ರಸ್ತೆಯಿಂದ ಆ ಮನುಷ್ಯನ ಬೆನ್ನಿನ ಹಿಂದಕ್ಕೆ. ಅವರು ಹೊರಟರು. ನಾಯಿಗಳು ಸದ್ದು ಮಾಡದೆ ಅವರ ಹಿಂದೆ ಮೂಲೆಯವರೆಗೂ ಹೋದವು.

ಕೂಗಿ ಕರೆಯಬೇಕಿತ್ತೋ ಏನೋ. ಕರೆದು ಏನೆಂದು ಹೇಳಲಿ? ಇವರು ಮನೆ ಸೇರಿದ್ದರು, ನನಗೆ ಅಷ್ಟೇ ಬೇಕಾಗಿತ್ತು. ಮಲಗುವಾಗ ಹೊಳೆಯಿತು, ಬಾಗಿಲಿಗೆ ಬಂದ ಆ ಮನುಷ್ಯನಿಗೆ ಅಂದು ನೀರು ಬೇಕಾ ಎಂದು ಕೇಳಲಿಲ್ಲ.

ಮರುದಿನ ಸೈಕಲ್ ಹೂವಿನ ಹಾಗಿತ್ತು. ರಿಪೇರಿಯವರು ಬಿಚ್ಚಿ ನೋಡಿ ಏನೂ ಇಲ್ಲ ಎಂದರು. "ಆಷಾಢದ ಗಾಳಿ ಕಣೇ, ಎದುರು ಗಾಳೀಲಿ ತುಳಿದು ಸುಸ್ತಾಗಿತ್ತು ಅಷ್ಟೇ" ಎಂದು ಇವರು ತೀರ್ಮಾನ ಮಾಡಿದರು. ಟೈರಿನ ಮಾತೆತ್ತಿದರೆ ನಗುತ್ತಾರೆ. ಚೀಲದ ಮಾತೆತ್ತಿದರೆ ಮಾತ್ರ ನಗುವುದಿಲ್ಲ. ರಸ್ತೆ ಮತ್ತೆ ಮೊದಲಿನ ಹಾಗೇ ಆಯಿತು. ಅದೇ ಹಾರನ್ನು, ಅದೇ ಬೈಗುಳ, ಮೂಲೆಯ ನಾಯಿಗಳ ಅದೇ ಅಟ್ಟಹಾಸ. ಶ್ರಾವಣದಲ್ಲಿ ಕಾರೊಂದು ತೀರಾ ಪಕ್ಕಕ್ಕೆ ಬಂದು, ಅದರ ಕನ್ನಡಿ ತಗುಲಿ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಬಲಗೈ ಉಳಿಯಿತು, ಹೆಲ್ಮೆಟ್ ಇತ್ತು, ಹಿಂದಿನ ಲಾರಿಯವನು ಬ್ರೇಕ್ ಹಾಕಿದ. ಮೂರಕ್ಕೂ ಶಿವನಿಗೆ ಕೈ ಮುಗಿದೆ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ಅಂದು ನಾನು ಕಿವಿಗೆ ಹಾಕಿಕೊಳ್ಳದ ಮಾತು ನೆನಪಾಯಿತು. ಬಸ್ಸುಗಳೂ ದೂರದಿಂದಲೇ ಸುತ್ತಿ ಹೋದವಂತೆ. ಕಟ್ಟು ಬಿಚ್ಚಿದ ಮೇಲೆ ಇವರು ಮತ್ತೆ ಸೈಕಲ್ಲೇ ಹತ್ತಿದರು. ನಾನು ಈ ಸಲ ಕೂಗಾಡಲಿಲ್ಲ, ಕೂಗಾಡುವ ಶಕ್ತಿ ಇರಲಿಲ್ಲ.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ, ಸುಡುವ ಬಿಸಿಲು. ಮೇಲಿನ ಮನೆಗೆ ಪಾರ್ಸೆಲ್ ಕೊಟ್ಟು ಇಳಿದವರು, "ಅಕ್ಕ, ಒಂಚೂರು ನೀರು ಕೊಡ್ತೀರಾ?" ಎಂದರು. ದನಿ ಕೇಳಿಯೇ ಗೊತ್ತಾಯಿತು, ಅದೇ ಮನುಷ್ಯ. ಮೈಕೈ ಚೆನ್ನಾಗಿಯೇ ಇತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ದೊಡ್ಡ ಚೊಂಬಿನ ತುಂಬ ನೀರು ತಂದುಕೊಟ್ಟೆ. ಗಾಡಿಯ ಮೇಲೆ ಕೂತುಕೊಂಡೇ ಅವರು ಎತ್ತಿ ಕುಡಿದರು. ಅರ್ಧ ಕುಡಿದು, ಬಾಯಿ ಒರೆಸಿಕೊಂಡು, ಚೊಂಬನ್ನು ನನಗೆ ಕೊಡಲಿಲ್ಲ. ತಿರುಗಿ ನೋಡದೆ, ಭುಜದ ಮೇಲಿಂದ ಹಿಂದಕ್ಕೆ ಚಾಚಿ ಹಿಡಿದರು.

ಹಿಂದೆ ಯಾರೂ ಇರಲಿಲ್ಲ. ಪಾರ್ಸೆಲ್ಲಿನ ಚೀಲ ಹ್ಯಾಂಡಲ್ಲಿನ ಮುಂದೆ ಇತ್ತು.

ಒಂದು ಕ್ಷಣ ಹಾಗೇ ಇದ್ದು ಅವರಿಗೇ ನಾಚಿಕೆಯಾಯಿತು. ಕೈ ಎಳೆದುಕೊಂಡು ನಕ್ಕರು. "ಏನೋ ಅಕ್ಕ, ಮಳೆಗಾಲದಿಂದ ಹಿಂಗೇ ಒಂದು ಅಭ್ಯಾಸ ಆಗೋಗಿದೆ."

"ಗಾಡಿ ಭಾರ ಅನ್ಸಲ್ವಾ?" ಎಂದು ಕೇಳಿಬಿಟ್ಟೆ.

ಯಾಕೆ ಕೇಳುತ್ತಿದ್ದೀರಿ ಎಂದು ಅವರು ಕೇಳಲಿಲ್ಲ. "ಬ್ಯಾಟ್ರಿ ಬೇಗ ಖಾಲಿ ಆಗುತ್ತೆ ಅಕ್ಕ. ಹೋಗ್ಲಿ ಬಿಡಿ. ಮೊದ್ಲೆಲ್ಲ ಮೈಮೇಲೆ ಬರೋರು ಕಾರ್‌ನವ್ರು. ಈಗ ಏನೋ, ಜಾಗ ಬಿಡ್ತಾರೆ" ಎಂದು ಚೊಂಬು ನನ್ನ ಕೈಗಿಟ್ಟು ಹೊರಟರು. ಮೂಲೆಯಲ್ಲಿ ಮಲಗಿದ್ದ ನಾಯಿಗಳು ಎದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟವು.

ಚೊಂಬಿನಲ್ಲಿ ಅರ್ಧ ನೀರು ಉಳಿದಿತ್ತು. ಗಿಡಕ್ಕೆ ಸುರಿಯಲು ಹೋದೆ, ಕೈ ಬರಲಿಲ್ಲ. ಒಳಗೆ ತೆಗೆದುಕೊಂಡು ಹೋಗಲೂ ಆಗಲಿಲ್ಲ. ಗೇಟಿನ ಹೊರಗೆ, ಏರಿನ ಪಕ್ಕದಲ್ಲಿ ಇಟ್ಟೆ. ಸಂಜೆ ಇವರು ಬಂದು ಸೈಕಲ್ ಇಳಿದು, "ಇದ್ಯಾರಿಗೆ ಇಟ್ಟಿದ್ದೀಯೆ ನೀರು?" ಎಂದರು.

"ನಾಯಿಗಳಿಗೆ" ಎಂದೆ.

"ಚೊಂಬಲ್ಲಾ?" ಎಂದು ನಕ್ಕು ಒಳಗೆ ಹೋದರು. ಆ ಮನುಷ್ಯ ನಮ್ಮ ರಸ್ತೆಗೆ ಮತ್ತೆ ಬಂದಿಲ್ಲ. ಚೊಂಬನ್ನು ದಿನಾ ಸಂಜೆ, ಇವರು ಬರುವ ಹೊತ್ತಿಗೆ, ನಾನೇ ತುಂಬಿಸಿ ಅಲ್ಲಿ ಇಡುತ್ತೇನೆ. ಈವರೆಗೆ ಯಾರೂ ಕುಡಿದಿಲ್ಲ.