ಡೇರೆಯ ಸಿನಿಮಾದಲ್ಲಿ ದೇವರು ಬರಲಿಲ್ಲ

ನನ್ನ ಮೊದಲ ಮಗಳು ಜ್ವರದಲ್ಲಿ ಹೋದಳು. ನಿಜಾಮರ ಕಾಲ ಅದು, ನಮ್ಮ ಮನೆ ಹವಳಗಾದಲ್ಲಿ. ಆಮೇಲೆ ಅತ್ತೆ ಒಂದೇ ಮಾತು ಹಿಡಿದಳು: ನನಗೆ ಭಕ್ತಿ ಸಾಲದು, ಅದಕ್ಕೇ ಕೂಸು ಉಳಿಯಲಿಲ್ಲ. ರೊಟ್ಟಿ ಬಡಿಯುವಾಗಲೂ ಅದೇ, ಕಳೆ ತೆಗೆಯುವಾಗಲೂ ಅದೇ. ಕೇಳಿ ಕೇಳಿ ನನಗೂ ಹೌದೇನೋ ಅನ್ನಿಸತೊಡಗಿತ್ತು.

ಸುಗ್ಗಿ ಮುಗಿದ ಮೇಲೆ ಅಫಜಲಪುರಕ್ಕೆ ಡೇರೆಯ ಸಿನಿಮಾ ಬಂತು. ತಾಯಿಯ ಭಕ್ತಿಗೆ ಮೆಚ್ಚಿ ದೇವರು ಸತ್ತ ಮಗನನ್ನು ಎಬ್ಬಿಸುವ ಕಥೆಯಂತೆ.

"ನಡಿ ಬೇ, ಭಕ್ತಿ ಅಂದ್ರ ಏನಂತ ಕಣ್ಣಾರೆ ನೋಡು," ಎಂದು ಅತ್ತೆ ನನ್ನನ್ನು ಬಂಡಿ ಹತ್ತಿಸಿದಳು.

ಪರದೆಯ ಮೇಲೆ ದೇವರು ಕಂಡ ಕೂಡಲೇ ಹೆಂಗಸರು ಎದ್ದು ಹೋಗಿ ಕಾಯಿ ಒಡೆಯುವುದು ಆಗಿನ ರೂಢಿ. ಅತ್ತೆಯ ಮಡಿಲಲ್ಲೂ ಒಂದು ಕಾಯಿ ಇತ್ತು.

ಸಿನಿಮಾ ಹಿಂದಿಯದು. ನಮ್ಮ ಜೊತೆ ಬಂದಿದ್ದ ನೆರೆಮನೆಯ ಮುಸ್ಲಿಂ ಹೆಂಗಸು ಅರ್ಥ ಹೇಳುತ್ತಿದ್ದಳು. ಹುಡುಗ ಸತ್ತ. ತಾಯಿ ಹಾಡಿದಳು, ಅತ್ತಳು, ಮತ್ತೆ ಹಾಡಿದಳು.

"ನನ್ನ ಉಸಿರು ತಗೋ, ಕೂಸಿಂದು ಬಿಡು ಅನ್ನಾಕತ್ತಾಳ," ಎಂದಳು ನೆರೆಯವಳು.

ಜ್ವರ ಏರಿದಾಗ ನಾನೂ ಅದೇ ಮಾತು ಅಂದಿದ್ದೆ. ನನಗೆ ಹಾಡಲು ಬರುತ್ತಿರಲಿಲ್ಲ, ಅಷ್ಟೇ.

"ಈಗ ಬರ್ತಾನ ನೋಡು," ಎಂದು ಅತ್ತೆ ಕಾಯಿ ಹಿಡಿದು ಎದ್ದಳು. ಅಷ್ಟರಲ್ಲಿ ರೀಲು ಸುಟ್ಟು ಪರದೆ ಬೆಳ್ಳಗಾಯಿತು. ಮಷೀನಿನವನು ಸುಟ್ಟ ತುಂಡು ಕತ್ತರಿಸಿ ಒಗೆದು, ಉಳಿದದ್ದನ್ನು ಅಂಟಿಸಿ ಓಡಿಸಿದ. ನೋಡಿದರೆ ಹುಡುಗ ಎದ್ದು ಕೂತು ಹಾಲು ಕುಡಿಯುತ್ತಿದ್ದ. ದೇವರು ಬಂದೇ ಇರಲಿಲ್ಲ. ಅತ್ತೆ ಕಾಯಿ ಹಿಡಿದು ನಿಂತೇ ಇದ್ದಳು.

"ಯಕ್ಕಾ, ಕಾಯಿ ಮಷೀನಿನವನಿಗೇ ಒಡೀರಿ, ಹುಡುಗನ್ನ ಎಬ್ಬಿಸಿದಾಂವ ಅವನೇ," ಎಂದು ನೆರೆಯವಳು ನಕ್ಕಳು.

ತಿರುಗಿ ಬರುವಾಗ ಬಂಡಿಯಲ್ಲಿ ನಾನು ಕೇಳಿಯೇಬಿಟ್ಟೆ. "ದೇವರು ಬರಲಿಲ್ಲ. ಕೂಸು ಹೆಂಗ ಎದ್ದಿತ್ರಿ ಅತ್ತಿ?"

"ಬಂದಿದ್ದ ಬೇ. ನಮ್ಮ ಕಣ್ಣಿಗೆ ಕಾಣಲಿಲ್ಲ ಅಷ್ಟ."

"ಹಂಗಾದ್ರ ನನ್ನ ಭಕ್ತಿನೂ ಇತ್ರಿ. ನಿಮ್ಮ ಕಣ್ಣಿಗೆ ಕಾಣಲಿಲ್ಲ ಅಷ್ಟ."

ನೆರೆಯವಳು ಸೆರಗು ಬಾಯಿಗೆ ಒತ್ತಿಕೊಂಡಳು.

"ಬಾಯಿ ಭಾಳ ಆಗ್ಯಾದ ನಿನಗ," ಎಂದಳು ಅತ್ತೆ.

ಆಮೇಲೆ ಅತ್ತೆ ನನ್ನೆದುರಿಗೆ ಭಕ್ತಿಯ ಮಾತು ಎತ್ತಲಿಲ್ಲ. ಬೇರೆಯವರ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು, ಗೊತ್ತು. ಹೇಳಿಕೊಳ್ಳಲಿ. ಭಕ್ತಿ ಇದ್ದರೆ ಉಳಿಯುತ್ತಾರೆ, ಇಲ್ಲದಿದ್ದರೆ ಹೋಗುತ್ತಾರೆ ಎಂದು ತಲೆ ಕೆಡಿಸಿಕೊಳ್ಳುವುದನ್ನು ನಾನು ಬಿಟ್ಟೆ. ಮಗಳು ಜ್ವರದಿಂದ ಹೋದಳು. ಆ ದುಃಖ ಹೊತ್ತೇ ಸಾಕಾಗಿ ಹೋಗಿತ್ತು. ಅದರ ಮೇಲೆ ತಪ್ಪನ್ನೂ ಹೊರುವ ಕಸುವು ನನ್ನಲ್ಲಿರಲಿಲ್ಲ.