ಹಿಮದ ಮೇಲೆ ಕೊರಡು

ಯುದ್ಧದ ಕಾಲ. ಕಾಶ್ಮೀರದಲ್ಲಿದ್ದ ಪಲ್ಟನ್ನಿನಿಂದ ರಜೆಗೆ ಬಂದವನು ಕನ್ಯೆ ನೋಡಲು ತುಕ್ಕಾನಟ್ಟಿಗೆ ಹೋಗಿದ್ದೆ. ಒಬ್ಬಳೇ ಮಗಳು, ಅವರಿಗೆ ಮನೆಯಳಿಯ ಬೇಕಿತ್ತು. ಹುಡುಗಿ ನೋಡಿದ ಕೂಡಲೇ ನನ್ನ ಮನಸ್ಸಿಗೆ ಬಂದಳು. ಅವಳ ಅಪ್ಪ ಅವಲಕ್ಕಿಯ ತಾಟು ನನ್ನ ಮುಂದೆ ಸರಿಸಿ, ಕಾಶ್ಮೀರದಲ್ಲಿ ಏನು ಕೆಲಸ ಎಂದು ಕೇಳಿದರು.

"ಕಾಲಿಗೆ ಉದ್ದನ್ನ ಹಲಗಿ ಕಟಗೊಂಡು ಬರ್ಫದ ಗುಡ್ಡದಿಂದ ಜಾರೂದ್ರಿ."

"ಹೊಲ ಸಪಾಟ ಮಾಡೂ ಕೊರಡಿನ ಮ್ಯಾಲ ನಿಂತಂಗ?"

"ಹೂನ್ರಿ."

"ಎತ್ತ ಎಲ್ಲಿ ಹೂಡತೀರಿ?"

"ಎತ್ತಿಲ್ರಿ. ಗುಡ್ಡಾನ ಕೆಳಗ ದಬ್ಬತೈತಿ."

ಒಕ್ಕಲುತನದ ಮನುಷ್ಯ, ನೆಲ ಹೇಗಿರುತ್ತದೆ ಎಂದು ವಿಚಾರಿಸಿದರು. ಮುಂಜಾನೆ ಬರ್ಫ ಕಲ್ಲಿನಂತೆ ಬಿರುಸು, ಹಲಗೆ ನಿಲ್ಲುವುದೇ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ತೊಯ್ದ ಎರೆಮಣ್ಣಿನಂತೆ ಹಲಗೆಗೆ ಮೆತ್ತಿಕೊಳ್ಳುತ್ತದೆ. ಇಳಿಹೊತ್ತಿಗೆ, ನಾವು ಬಿದ್ದ ತಗ್ಗುಗಳ ಸಮೇತ, ಮತ್ತೆ ಕಲ್ಲಾಗುತ್ತದೆ ಎಂದೆ.

"ಅಲ್ಲಿ ಏನ ಬೆಳೀತಾರ?"

"ಏನೂ ಇಲ್ರಿ."

"ಕೆಳಗ ಮುಟ್ಟಿದ ಮ್ಯಾಲ ಏನ ಕೆಲಸ?"

"ಹಲಗಿ ಹೆಗಲ ಮ್ಯಾಲ ಹೊತ್ತು ಮತ್ತ ಗುಡ್ಡ ಹತ್ತೂದ್ರಿ."

"ಯಾಕ?"

"ಮತ್ತ ಜಾರಾಕ್ರಿ."

"ಯಾಕಂತ ಸಾಹೇಬರನ್ನ ಕೇಳಲಿಲ್ಲೇನು?"

"ಇಲ್ರಿ. ಅವರು ಹತ್ತು ಅಂದ್ರು, ಹತ್ತಿದೆ."

ಕೆಲಸ ಕೆಟ್ಟಿತೆಂದುಕೊಂಡು, ಜೊತೆಗೆ ಬಂದಿದ್ದ ನಮ್ಮ ಕಾಕಾ ಕಾಲಿನಿಂದ ಚಪ್ಪಲಿ ಹುಡುಕತೊಡಗಿದ. ಆಗ ಹುಡುಗಿಯ ಅಪ್ಪ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು:

"ಸಕ್ಕರಿ ತಗೊಂಡ ಬಾ. ಹುಡುಗ ನಮ್ಮ ಮನಿಗೆ ಹೊಂದತಾನ."

ಹೊಂದಿಕೊಂಡಿದ್ದೇನೆ. ತುಕ್ಕಾನಟ್ಟಿಯಲ್ಲಿ ಬರ್ಫ ಬೀಳುವುದಿಲ್ಲ, ಅಷ್ಟೇ ಫರಕು.