ಹೊಲಿಯಬಾರದ ಹರುಕು

ಅಟ್ಟೂರಿನ ಬಾಡಿಗೆ ಮನೆಗೆ ಬಂದ ಮೊದಲ ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದರೆ, ನಮ್ಮ ಮೆಜೂಜಾಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿ ಒಂದು ಸೇವಂತಿಗೆ ಸಿಕ್ಕಿಸಿದ್ದರು. ಮೆಜೂಜಾ ಎಂದರೆ ಯಹೂದಿಗಳಾದ ನಾವು ಬಾಗಿಲ ಚೌಕಟ್ಟಿಗೆ ಓರೆಯಾಗಿ ಬಡಿಯುವ ಬೆರಳುದ್ದದ ಪೆಟ್ಟಿಗೆ. ಒಳಗೆ ಧರ್ಮಗ್ರಂಥದ ಸಾಲುಗಳನ್ನು ಬರೆದ ಚರ್ಮದ ಸುರುಳಿ ಇರುತ್ತದೆ. ಹೋಗಿ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುವುದು ರೂಢಿ. ಅವತ್ತು ಬೆರಳೆಲ್ಲ ಕೆಂಪಾಯಿತು.

"ದ್ಯಾವ್ರು ಬರೀ ಅಣೇಲಿ ನಿಂತಿತ್ತು ಕಣವ್ವ, ಅದ್ಕೇ ಇಟ್ಟೆ," ಎಂದರು ಮನೆಯ ಒಡತಿ ಚಿಕ್ಕತಾಯಮ್ಮ. ಈ ಲೇಔಟೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಈಗ ಮಹಡಿಗಳಲ್ಲಿ ಬಾಡಿಗೆದಾರರು, ಕೆಳಗೆ ಆಕೆ.

"ಅದು ದೇವರಲ್ರೀ ಅಮ್ಮಾ."

"ಮತ್ತೆ ಮುತ್ತಿಕ್ತೀಯಲ್ಲ?"

ಬೆರಳಿನ ಕುಂಕುಮ ಒರೆಸಿಕೊಳ್ಳುತ್ತಾ ಒಳಗೆ ಬಂದೆ.

ಹುಬ್ಬಳ್ಳಿಯಲ್ಲಿ ಇಂಥ ಮಾತು ಬರುತ್ತಿರಲಿಲ್ಲ. ರೈಲ್ವೆ ಕೆಲಸಕ್ಕೆಂದು ಕೊಂಕಣದಿಂದ ಬಂದ ಅಜ್ಜನ ಕಾಲದಿಂದಲೂ ಓಣಿಯವರು ನಮ್ಮನ್ನು 'ಶನಿವಾರದವರು' ಎಂದೇ ಕರೆಯುತ್ತಿದ್ದರು. ಶನಿವಾರ ನಮ್ಮ ಸಬ್ಬತ್ತು, ಶುಕ್ರವಾರ ಸಂಜೆಗೇ ಶುರುವಾಗುವ, ಕೆಲಸ ಮುಟ್ಟದ ದಿನ. ಅವತ್ತು ಯಾರೂ ನಮ್ಮಪ್ಪನನ್ನು ಸಂತೆಗೆ ಕರೆಯುತ್ತಿರಲಿಲ್ಲ, ಅಷ್ಟೇ. ಇಲ್ಲಿ, ಹೆಬ್ಬಾಳದ ಆಸ್ಪತ್ರೆಯ ಲ್ಯಾಬಿನಲ್ಲಿ ನಾನು 'ಹುಬ್ಳಿ ಮೇಡಂ'. ಖಡಕ್ ರೊಟ್ಟಿ ಡಬ್ಬಿ ಬಿಚ್ಚಿದರೆ ಎಲ್ಲರೂ ಕೈ ಹಾಕುತ್ತಾರೆ. ಶುಕ್ರವಾರ ಸಂಜೆ ನಾನು ಒಬ್ಬಳೇ ದೀಪ ಹಚ್ಚಿ, ಒಬ್ಬಳೇ ರೊಟ್ಟಿ ಮುರಿದು, ನನಗೆ ನಾನೇ ಸಬ್ಬತ್ತಿನ ಶುಭಾಶಯ ಹೇಳಿಕೊಳ್ಳುವುದು ಅವರಿಗೆ ಗೊತ್ತಿಲ್ಲ.

ಕೊನೆಗಾಲದಲ್ಲಿ ಅಪ್ಪ ಕೊಂಕಣದ ಕಡೆಯ ಠಾಣೆ ಊರಿನಲ್ಲಿ ಅಣ್ಣನ ಹತ್ತಿರ ಇದ್ದ. ಒಂದು ಬೆಳಿಗ್ಗೆ ಅಣ್ಣನ ಫೋನು ಬಂತು. "ಅಪ್ಪ ಹೋದ. ಸಂಜಿ ಒಳಗ ಮಣ್ಣು ಮಾಡ್ತೀವಿ, ನಿನಗ ಮುಟ್ಟಾಕ ಆಗೂದಿಲ್ಲ. ಅಲ್ಲೇ ಕೂಡು." ಫೋನು ಇಡುವ ಮೊದಲು ಹೇಳಿದ, "ಎದ್ದು ನಿಂತು ಹರಕೋ."

ತಂದೆ ತಾಯಿ ಸತ್ತರೆ ನಾವು ಎಡಗಡೆ, ಎದೆಯ ಮೇಲೆ, ಉಟ್ಟ ಬಟ್ಟೆಯನ್ನು ಹರಿದುಕೊಳ್ಳುತ್ತೇವೆ. ಬೇರೆಯವರು ಸತ್ತಾಗ ಹರಿದದ್ದನ್ನು ತಿಂಗಳ ಮೇಲೆ ಸರಿಯಾಗಿ ಹೊಲಿದುಕೊಳ್ಳಬಹುದು. ತಂದೆ ತಾಯಿಯದನ್ನು ಹೊಲಿಯುವಂತಿಲ್ಲ. ಹೆಚ್ಚೆಂದರೆ ಕಾಣುವ ಹಾಗೆ ಒರಟಾಗಿ ಕೂಡಿಸಬೇಕು. ನಾನು ಬೂದು ಬಣ್ಣದ ಕುರ್ತಾ ಹರಿದುಕೊಂಡು, ಕನ್ನಡಿಗೆ ಹೊದಿಕೆ ಹೊದಿಸಿ, ನೆಲದ ಮೇಲೆ ಏಳು ದಿನ ಕೂತೆ. ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆಗೆ ನಮ್ಮ ಮನೆತನದ ಪದ್ಧತಿಯಲ್ಲಿ ಹತ್ತು ಗಂಡಸರು ಬೇಕು. ಈ ಊರಿನಲ್ಲಿ ನಮ್ಮವರು ಒಬ್ಬರೂ ನನಗೆ ಪರಿಚಯವಿರಲಿಲ್ಲ. ಅಪ್ಪ ಸತ್ತ ಎನ್ನುವುದಕ್ಕೆ ಇಲ್ಲಿ ಆ ಹರುಕೊಂದೇ ಸಾಕ್ಷಿ.

ಮೊದಲ ದಿನದ ಊಟ ನಮ್ಮ ಮನೆಯದಾಗಬಾರದು, ಬೇರೆಯವರು ತರಬೇಕು. ಯಾರು ತರುತ್ತಾರೆ ಎಂದುಕೊಂಡು ಕೂತಿದ್ದರೆ ಚಿಕ್ಕತಾಯಮ್ಮ ಮುದ್ದೆ ಬಸ್ಸಾರು ಹಿಡಿದುಕೊಂಡು ಬಂದರು. "ಸಾವಿನ ಮನೇಲಿ ಒಲೆ ಅಚ್ಚಬಾರ್ದು, ಉಣ್ಣು." ಮುದ್ದೆ ನುಂಗಲು ನನಗೆ ಬರುತ್ತಿರಲಿಲ್ಲ. ಅಳುತ್ತಲೇ ಕಲಿತೆ.

ಏಳು ದಿನ ಮುಗಿದು ಮತ್ತೊಂದು ಶುಕ್ರವಾರ ಬಂತು. ಕುರ್ತಾ ಒಗೆದು ತಾರಸಿಯಲ್ಲಿ ಒಣಗಹಾಕಿ ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಚಿಕ್ಕತಾಯಮ್ಮ ಮಡಚಿ ಕೈಗೆ ಕೊಟ್ಟರು. ಹರುಕು ಇರಲಿಲ್ಲ. ಒಳ ಅಂಚಿನಿಂದ ಅದೇ ಬಣ್ಣದ ದಾರ ಬಿಡಿಸಿ, ಹುಡುಕಿದರೂ ಕಾಣದ ಹಾಗೆ ಹೊಲಿದಿದ್ದರು.

"ಯಾರ ಹೇಳಿದ್ರು ನಿಮಗ ಹೊಲೀರಿ ಅಂತ?" ಕಿರುಚಿಬಿಟ್ಟೆ. "ನಮ್ಮಪ್ಪಂದು ಅಂತ ಇಲ್ಲಿ ಇದ್ದದ್ದು ಅದೊಂದರೀ!"

ಆಕೆಯ ಮುಖ ಬಿಳಚಿಕೊಂಡಿತು. "ಅರ್ದಿರೋ ಬಟ್ಟೆ ಇಕ್ಕಂಡ್ರೆ ದರಿದ್ರ ಅಂತಾರಲ್ಲವ್ವಾ..." ನಾನು ಬಿಕ್ಕುತ್ತಲೇ ನಮ್ಮ ಪದ್ಧತಿ ಹೇಳಿದೆ. ಆಕೆ ಕುರ್ತಾ ವಾಪಸು ಇಸಿದುಕೊಂಡು, ಮೆಟ್ಟಿಲ ಮೇಲೆ ಕೂತು ಸೂಜಿ ಮೊನೆಯಿಂದ ಹೊಲಿಗೆ ಎಬ್ಬಿಸತೊಡಗಿದರು. ತಲೆ ಎತ್ತದೆ ಕೇಳಿದರು:

"ನಿಮ್ಮಪ್ಪ ಎಂಗಿದ್ರು?"

ಈ ಊರಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಪಕ್ಕದಲ್ಲಿ ಕೂತು ಹೇಳಿದೆ. ಅವನ ಸೈಕಲ್ಲು, ಸಬ್ಬತ್ತಿನ ಹಾಡನ್ನು ಅಪಸ್ವರದಲ್ಲಿ ಹಾಡುವುದು, ಶೇಂಗಾ ಚಟ್ನಿ ಇಲ್ಲದೆ ತಟ್ಟೆಯ ಮುಂದೆ ಕೂರದಿದ್ದುದು, ಎಲ್ಲ. ಆಕೆ ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದರು.

ಅರ್ಧ ಬಿಚ್ಚಿದಾಗ ಹೊತ್ತು ಮುಳುಗುತ್ತಾ ಬಂತು. ನನಗೆ ಸಬ್ಬತ್ತಿನ ದೀಪ ಹಚ್ಚಬೇಕಿತ್ತು. ಹಚ್ಚಿದ ಮೇಲೆ ಹೊಲಿಯುವಂತೆಯೂ ಇಲ್ಲ, ಬಿಚ್ಚುವಂತೆಯೂ ಇಲ್ಲ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು. "ದೀಪ ಅಚ್ಚೋ ವೊತ್ನಾಗೆ ಸೂಜಿ ಇಡೀಬಾರ್ದು ಕಣವ್ವ. ನಾಡಿದ್ದು ನೋಡಾನ."

ನಾಡಿದ್ದು ಆಕೆ ಕೇಳಲಿಲ್ಲ, ನಾನೂ ಕೊಡಲಿಲ್ಲ. ಕುರ್ತಾ ಹಾಗೆಯೇ ಬೀರುವಿನಲ್ಲಿದೆ. ಊರು ಯಾವುದೆಂದು ಯಾರಾದರೂ ಕೇಳಿದರೆ ಈಗಲೂ ಹುಬ್ಬಳ್ಳಿ ಎನ್ನುತ್ತೇನೆ. ಆದರೆ ಅಪ್ಪನ ನೆನಪಾಗಿ ಕತ್ತಲಲ್ಲಿ ಬಟ್ಟೆಯ ಮೇಲೆ ಕೈಯಾಡಿಸಿದಾಗ, ಬೆರಳಿಗೆ ಮೊದಲು ತಾಗುವುದು ಚಿಕ್ಕತಾಯಮ್ಮನ ಹೊಲಿಗೆ. ಹರುಕು ಅದರಾಚೆಗೆ ಸಿಗುತ್ತದೆ.